ಬಲಗಡೆಯಿಂದ ಬರುವ ಗಾಡಿ

ನನ್ನ ಮಾವನಿಗೆ ಬಲಕಿವಿ ಹೋದದ್ದು ಒಂದೇ ರಾತ್ರಿಯಲ್ಲಿ. ಮಲಗುವಾಗ ಕೇಳಿಸುತ್ತಿದ್ದದ್ದು ಬೆಳಿಗ್ಗೆ ಎದ್ದಾಗ ಕೇಳಿಸುತ್ತಿರಲಿಲ್ಲ. ನೆಗಡಿಗೆ ಕಿವಿ ಕಟ್ಟಿದೆ ಎಂದುಕೊಂಡು ಅವರು ಸುಮಾರು ದಿನ ಹಬೆ ತೆಗೆದುಕೊಂಡರು, ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡರು, ನಮಗೆ ಯಾರಿಗೂ ಹೇಳಲಿಲ್ಲ. ಕೊನೆಗೆ ಡಾಕ್ಟರ ಹತ್ತಿರ ಹೋದಾಗ, ನರವೇ ಸೋತಿದೆ, ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ, ಈಗ ಯಂತ್ರ ಹಾಕಿಕೊಂಡರೂ ಪ್ರಯೋಜನವಿಲ್ಲ ಎಂದರು. ಮಾವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. "ಇನ್ನೊಂದು ಇದೆಯಲ್ಲ" ಎಂದರು. ಅದು ಧೈರ್ಯದ ಮಾತೋ, ಕಡತ ಮುಚ್ಚುವವರ ಮಾತೋ ನನಗೆ ತಿಳಿಯಲಿಲ್ಲ.

ಒಂದು ಕಿವಿ ಇದ್ದರೆ ಮಾತು ಕೇಳುತ್ತದೆ, ಕುಕ್ಕರಿನ ಸೀಟಿ ಕೇಳುತ್ತದೆ, ಟಿವಿಯ ವಾರ್ತೆ ಕೇಳುತ್ತದೆ. ಶಬ್ದ ಯಾವ ಕಡೆಯಿಂದ ಬಂತು ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಒಂದು ಕಿವಿಗೆ ಕೊಂಚ ಮುಂಚೆ, ಇನ್ನೊಂದಕ್ಕೆ ಕೊಂಚ ತಡವಾಗಿ ಮುಟ್ಟಿದ ಶಬ್ದವನ್ನು ಹೋಲಿಸಿ ನೋಡಿಯೇ ನಮ್ಮ ತಲೆ ದಿಕ್ಕನ್ನು ಹೇಳುವುದು. ಹೋಲಿಸಲು ಇನ್ನೊಂದು ಕಿವಿಯೇ ಇಲ್ಲದ ಮಾವನಿಗೆ ಈಗ ಲೋಕದ ಶಬ್ದವೆಲ್ಲ ಎಡಗಡೆಯಿಂದಲೇ ಬರುತ್ತಿತ್ತು. ಇದು ನಮಗೆ ಅರ್ಥವಾದದ್ದು ಘಾಜಿಯಾಬಾದಿನ ನಮ್ಮ ಸೊಸೈಟಿಯ ಗೇಟಿನ ಮುಂದೆ ಈ-ರಿಕ್ಷಾ ಒಂದು ಅವರಿಗೆ ತಗುಲಿದಾಗ. ರಿಕ್ಷಾ ಬಂದದ್ದು ಬಲಗಡೆಯಿಂದ. ಹಾರ್ನ್ ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು, ಆದರೆ ಎಡಗಡೆಯಿಂದ. ತಪ್ಪಿಸಿಕೊಳ್ಳಲೆಂದು ಅವರು ಬಲಕ್ಕೆ ಹಾರಿದರು, ನೆಟ್ಟಗೆ ಅದರ ಮುಂದಕ್ಕೆ. ಪುಣ್ಯಕ್ಕೆ ಮಂಡಿ ತರಚಿ ಕನ್ನಡಕ ಒಡೆಯುವುದರಲ್ಲಿ ಮುಗಿಯಿತು.

ನನ್ನ ಗಂಡ ದೆಹಲಿಯಲ್ಲೇ ಹುಟ್ಟಿ ಬೆಳೆದವನು. ಅವನ ಕನ್ನಡ ಅರ್ಧ ದಾರಿಗೆ ಬಂದು ಹಿಂದಿಗೆ ಹತ್ತಿಕೊಳ್ಳುತ್ತದೆ; ಗಾಬರಿಯಾದಾಗಲಂತೂ ಹೊರಡುವುದೇ ಹಿಂದಿಯಲ್ಲಿ.

"ಬಸ್, ಅಪ್ಪ. ಅಬ್ ಅಕೇಲೆ ನಹೀ, ಒಬ್ರೇ ಹೋಗೋದು ಸಾಕು. ಎಲ್ಲಿಗೆ ಹೋಗ್ಬೇಕಾದ್ರೂ ನಾನ್ ಬರ್ತೀನಿ, ಇಲ್ಲಾಂದ್ರೆ ಕ್ಯಾಬ್ ಮಾಡ್ತೀನಿ" ಎಂದ.

"ಶನಿವಾರ?" ಎಂದರು ಮಾವ.

"ಶನಿವಾರಾನೂ."

ಶನಿವಾರ ಎಂದರೆ ದೆಹಲಿಯ ಕರೋಲ್ ಬಾಗ್ ಪೇಟೆ. ಅತ್ತೆ ತೀರಿಕೊಂಡ ಮೇಲೆ ಮಾವ ಪ್ರತಿ ಶನಿವಾರ ಮೆಟ್ರೋ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಕಾಫಿಪುಡಿ ತರಲು ಎಂಬುದು ನೆಪ. ಕಾಫಿಪುಡಿ ಈಗ ಮನೆ ಬಾಗಿಲಿಗೇ ಬರುತ್ತದೆ. ಅಲ್ಲೊಂದು ಸಣ್ಣ ಹೋಟೆಲಿನಲ್ಲಿ ಅವರ ಕಚೇರಿಯ ಹಳೆಯ ಗೆಳೆಯರಿಬ್ಬರು ಬಂದು ಕೂರುತ್ತಿದ್ದರು. ಮೂವರೂ ಸೇರಿ ಬಡ್ತಿ ಸಿಗದವರ, ಸಿಗಬಾರದಿದ್ದವರ ವಿಷಯ ಮಾತಾಡುತ್ತಿದ್ದರು. ಮಗನನ್ನು ಜೊತೆಗೆ ಕರೆದುಕೊಂಡು ಹೋದರೆ ಆ ಮಾತು ಬರುವುದಿಲ್ಲ. ಗೆಳೆಯರು ಮಗನನ್ನು ಹಿಡಿದು ಅವನ ಕಂಪನಿ, ಅವನ ಸಂಬಳ ಎಂದು ವಿಚಾರಿಸಲು ಶುರುಮಾಡುತ್ತಾರೆ. ಮಾವ ಇದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ. ಎರಡು ಶನಿವಾರ ಮನೆಯಲ್ಲಿ ಕೂತು ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಮೂರನೆಯ ಶನಿವಾರ ಪೇಪರನ್ನೂ ಬಿಡಿಸಲಿಲ್ಲ. ಅದನ್ನು ನೋಡಿ ನನಗೆ ಸಂಕಟವಾಯಿತು.

ನಾನು ಮಾಡುವ ಕೆಲಸ ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಊರಲ್ಲಿ ನನ್ನ ತಾಯಿ ಕೇಳಿದವರಿಗೆ 'ಮೈಕ್‌ಸೆಟ್ ಕೆಲಸ' ಎಂದು ಹೇಳುತ್ತಾರೆ, ತೀರ ತಪ್ಪೇನಲ್ಲ. ದೆಹಲಿಯ ಓಖ್ಲಾದ ಕೈಗಾರಿಕಾ ಪ್ರದೇಶದಲ್ಲಿ, ಕೆಳಗಡೆ ಬಟ್ಟೆ ಹೊಲಿದು ರಫ್ತು ಮಾಡುವ ಘಟಕವಿರುವ ಕಟ್ಟಡದ ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೋ ಇದೆ. ಒಂದು ಕೋಣೆ, ಗೋಡೆಗಳಿಗೆ ದಪ್ಪ ಮೆತ್ತೆ, ನಡುವೆ ಒಂದು ಕುರ್ಚಿ, ಅದರ ಸುತ್ತ ಕಿವಿಯ ಎತ್ತರಕ್ಕೆ ಒಂದು ಸುತ್ತು ಸ್ಪೀಕರುಗಳು, ತಲೆಯ ಮೇಲೆ ಇನ್ನಷ್ಟು. ಮ್ಯೂಸಿಯಮ್ಮುಗಳಿಗೆ, ಪ್ರದರ್ಶನಗಳಿಗೆ ಬೇಕಾದ ಶಬ್ದವನ್ನು ನಾವು ಅಲ್ಲಿ ಕೂತು ತಯಾರಿಸುತ್ತೇವೆ. ನೋಡುಗ ಕೋಣೆಯೊಳಗೆ ಕಾಲಿಟ್ಟರೆ ಹಕ್ಕಿ ಅವನ ಬೆನ್ನ ಹಿಂದಿನಿಂದ ಹಾರಿ ಹೋಗಬೇಕು, ರೈಲು ಎಡದಿಂದ ಬಲಕ್ಕೆ ದಾಟಬೇಕು. ಶಬ್ದವನ್ನು ಹೀಗೆ ಬೇಕಾದ ದಿಕ್ಕಿಗೆ ಕೂರಿಸುವುದಕ್ಕೆ ಪ್ಯಾನಿಂಗ್ ಎನ್ನುತ್ತಾರೆ.

ಇದರಲ್ಲಿ ಎರಡು ಮುಖ್ಯ ದಾರಿಗಳಿವೆ. ಒಂದು, ಅಕ್ಕಪಕ್ಕದ ಎರಡು ಸ್ಪೀಕರುಗಳಿಗೆ ಶಬ್ದವನ್ನು ಪಾಲು ಮಾಡಿ ಕೊಡುವುದು. ಎರಡಕ್ಕೂ ಸಮನಾಗಿ ಕೊಟ್ಟರೆ ಕೇಳುವವನಿಗೆ ಅದು ಎರಡರ ಮಧ್ಯದ ಖಾಲಿ ಗಾಳಿಯಿಂದ ಬಂದಂತೆ ಅನ್ನಿಸುತ್ತದೆ. ಇನ್ನೊಂದು ಆಂಬಿಸೋನಿಕ್ ಎಂಬ ಪದ್ಧತಿ. ಅಲ್ಲಿ ಒಂದು ಕಾಗೆ ಕೂಗಬೇಕಾದರೂ ಸುತ್ತಿನ ಸ್ಪೀಕರುಗಳೆಲ್ಲ ಕೆಲಸಕ್ಕೆ ಇಳಿಯುತ್ತವೆ. ಹತ್ತಿರದವು ಜೋರಾಗಿ, ದೂರದವು ಮೆಲ್ಲಗೆ, ಎದುರಿನವು ತುಸು ಉಲ್ಟಾ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಎಲ್ಲರೂ ಒಂದೊಂದು ಸಲಹೆ ಕೊಡುವ ಹಾಗೆ, ಒಬ್ಬ ಭಾವ ಮಾತ್ರ ತದ್ವಿರುದ್ಧ ಹೇಳುವ ಹಾಗೆ. ಎಲ್ಲವೂ ಸೇರಿ ನಡುವಿನ ಕುರ್ಚಿಯಲ್ಲಿ ಕೂತವನಿಗೆ ಶಬ್ದ ನುಣ್ಣಗೆ, ಎಲ್ಲೂ ತಡೆಯದೆ ಸುತ್ತು ಬರುತ್ತದೆ. ನನಗೆ ಇದೇ ಇಷ್ಟ, ಇದರಲ್ಲೇ ನನ್ನ ಕೈ ಪಳಗಿದೆ.

ಯಾವುದೇ ಹೊಸ ಕೋಣೆ ಸಿದ್ಧವಾದಾಗ ನಾವೊಂದು ಪರೀಕ್ಷೆ ಮಾಡುತ್ತೇವೆ. ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಕಣ್ಣು ಮುಚ್ಚಿಸುವುದು; ಶಬ್ದ ಎಲ್ಲಿಂದ ಬಂತೋ ಅಲ್ಲಿಗೆ ಅವರು ಕೈ ತೋರಿಸುವುದು. ಇದೇ ಪರೀಕ್ಷೆಯನ್ನು ಮಾವನಿಗೂ ಮಾಡಬಹುದು, ಅಭ್ಯಾಸದಿಂದ ಒಂಟಿಕಿವಿಯವರೂ ಸ್ವಲ್ಪಮಟ್ಟಿಗೆ ದಿಕ್ಕು ಹಿಡಿಯುತ್ತಾರಂತೆ ಎಂದು ನಾನು ಊಟದ ಹೊತ್ತಿನಲ್ಲಿ ಹೇಳಿದೆ. ಗಂಡ ಅನ್ನದಿಂದ ಕೈ ಎತ್ತಿ ನನ್ನ ಕಡೆ ನೋಡಿದ.

"ಠೀಕ್ ಹೈ. ನೀನು ಟೆಸ್ಟ್ ಮಾಡು. ನೀನು ಸರಿ ಅಂದ್ರೆ ನಾನೂ ಸರಿ ಅಂತೀನಿ."

"ಆಯ್ತಮ್ಮ, ಯಾವತ್ತು ಬರ್ಲಿ?" ಎಂದರು ಮಾವ. ಅಷ್ಟು ಬೇಗ ಅವರು ಯಾವುದಕ್ಕೂ ಒಪ್ಪಿದವರಲ್ಲ.

ಭಾನುವಾರ ಕೆಳಗಿನ ಹೊಲಿಗೆ ಯಂತ್ರಗಳು ನಿಂತಿರುತ್ತವೆ, ಸ್ಟುಡಿಯೋ ಖಾಲಿ ಇರುತ್ತದೆ. ನಮ್ಮ ಗೇಟಿನ ಮುಂದೆ ನಿಂತು ಈ-ರಿಕ್ಷಾ, ಬೈಕು, ಬಸ್ಸುಗಳ ಹಾರ್ನನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಸಂದರ್ಶನಕ್ಕೆ ಬಂದವರಂತೆ ನೆಟ್ಟಗೆ ಕೂತರು. ಮೊದಲು ಎರಡು ಸ್ಪೀಕರುಗಳ ನಡುವೆ ಹಾರ್ನನ್ನು ಕೂರಿಸಿ ಕೇಳಿಸಿದೆ. ನನಗೆ ಅದು ಖಾಲಿ ಜಾಗದಿಂದ ಬರುತ್ತಿತ್ತು.

"ಆ ಎಡಗಡೆ ಪೆಟ್ಟಿಗೇಲಿ ಬಂತು" ಎಂದರು ಮಾವ.

"ನಡುವೆ ಅನ್ನಿಸ್ಲಿಲ್ವಾ ಮಾವ?"

"ನಡುವೆ ಏನಿದೆ ಅಲ್ಲಿ? ಗೋಡೆ ಅಲ್ವಾ?"

ಅವರು ಹೇಳಿದ್ದು ಸರಿಯೇ. ಪಾಲು ಹಂಚುವ ಆ ಉಪಾಯ ಎರಡು ಕಿವಿ ಇದ್ದವರನ್ನು ಮರುಳು ಮಾಡುವಂಥದ್ದು. ಒಂದು ಕಿವಿಯವರು ಮರುಳಾಗುವುದಿಲ್ಲ. ಆ ದಾರಿ ಬಿಟ್ಟು ನನ್ನ ಮೆಚ್ಚಿನ ಆಂಬಿಸೋನಿಕ್ ದಾರಿಗೆ ಬಂದೆ. ಹಾರ್ನನ್ನು ಒಂದೊಂದೇ ಸ್ಥಾನಕ್ಕೆ ಸರಿಸುತ್ತ ಹೋದೆ, ಮಾವ ಕೈ ತೋರಿಸುತ್ತ ಹೋದರು. ಮೊದಲ ದಿನ ಬಹುತೇಕ ಎಲ್ಲವೂ ಎಡಕ್ಕೇ ಹೋಯಿತು. ಎರಡನೆಯ ಭಾನುವಾರ ಪರವಾಗಿಲ್ಲ ಅನ್ನಿಸಿತು. ಮೂರನೆಯ ಭಾನುವಾರ ಅವರ ಕೈ ಹಿಂದಕ್ಕೂ ಹೋಯಿತು, ಬಲಕ್ಕೂ ಬಂತು, ತಪ್ಪುಗಳು ಬೆರಳೆಣಿಕೆಯಷ್ಟು. ನನಗಾದ ಸಂತೋಷ ಸಣ್ಣದಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು "ಸಚ್? ನಿಜವಾಗ್ಲೂ?" ಎಂದ. ಇನ್ನೊಂದೆರಡು ವಾರ ನೋಡಿ ಮಾವನನ್ನು ಒಬ್ಬರನ್ನೇ ಕಳಿಸೋಣ ಎಂದು ಇಬ್ಬರೂ ಮಾತಾಡಿಕೊಂಡೆವು. ಮಾವ ಪಕ್ಕದ ಕೋಣೆಯಲ್ಲಿ ಪೇಪರ್ ಬಿಡಿಸಿದ ಸದ್ದು ಕೇಳಿಸಿತು.

ಮುಂದಿನ ಭಾನುವಾರ ಪರೀಕ್ಷೆ ಅರ್ಧವಾಗಿದ್ದಾಗ ಕರೆಂಟು ಹೋಯಿತು. ಜನರೇಟರ್ ಹತ್ತಿಕೊಂಡು ಎಲ್ಲ ಮತ್ತೆ ಶುರುವಾದಾಗ ನಾನು ಮೊದಲಿನಿಂದ ಆರಂಭಿಸದೆ, ನಿಂತಲ್ಲಿಂದಲೇ ಮುಂದುವರಿಸಿದೆ. ಹಾರ್ನ್ ಮಾವನ ಬೆನ್ನ ಹಿಂದೆ ಹೊಡೆಯಿತು. ಅವರು ನೇರ ಮುಂದಕ್ಕೆ ಕೈ ತೋರಿಸಿದರು. ಅದು ಬಲ ಹಿಂದಕ್ಕೆ ಹೋಯಿತು. ಅವರು ಎಡ ಮುಂದಕ್ಕೆ ತೋರಿಸಿದರು. ಬಲಕ್ಕೆ ಬಂತು, ಅವರು ಪೂರ್ತಿ ಎಡಕ್ಕೆ ತೋರಿಸಿದರು. ಒಂದೂ ಸರಿಯಿರಲಿಲ್ಲ, ಆದರೆ ಪ್ರತಿಯೊಂದೂ ಕ್ರಮವಾಗಿತ್ತು. ಆಗ ನನಗೆ ಹೊಳೆಯಿತು.

ನಮ್ಮ ಪದ್ಧತಿಯಲ್ಲಿ ಕೋನವನ್ನು ಎಣಿಸುವುದು ಎದುರಿನಿಂದ ಶುರುಮಾಡಿ ಎಡಕ್ಕೆ, ಅಲ್ಲಿಂದ ಹಿಂದಕ್ಕೆ, ಆಮೇಲೆ ಬಲಕ್ಕೆ, ಗಡಿಯಾರಕ್ಕೆ ತಿರುಗುಮುರುಗಾಗಿ. ಎಷ್ಟೋ ವರ್ಷದಿಂದ ಹಾಗೇ ಎಣಿಸುತ್ತ ನನ್ನ ಬೆರಳಿಗೂ ಅದೇ ರೂಢಿಯಾಗಿದೆ. ಪ್ರತಿ ಭಾನುವಾರವೂ ಹಾರ್ನನ್ನು ಅದೇ ಸುತ್ತಿನಲ್ಲಿ ಕಳಿಸಿದ್ದೆ. ನನ್ನ ಕೆಲಸ ಮಾಡುವವರು ಯಾರಾದರೂ ಹಾಗೇ ಮಾಡುತ್ತಿದ್ದರು. ಮಾವ ಹಾರ್ನ್ ಕೇಳುತ್ತಿರಲಿಲ್ಲ, ಸರದಿ ಎಣಿಸುತ್ತಿದ್ದರು; ಕರೆಂಟು ಹೋಗಿ ಬಂದ ಮೇಲೆ ಮತ್ತೆ ಮೊದಲಿನಿಂದ ಎಣಿಸಿದ್ದರು.

"ಮಾವ, ನೀವು ಕೇಳಿ ತೋರಿಸ್ತಾ ಇಲ್ಲ" ಎಂದೆ.

ಅವರು ಕಣ್ಣು ಬಿಟ್ಟರು. ನಾಚಿಕೆಯ ಸುಳಿವೇ ಇರಲಿಲ್ಲ. "ಇಲ್ಲ."

"ಯಾವಾಗಿಂದ?"

"ಎರಡನೇ ಸಲ ಬಂದಾಗಿಂದ. ಫೈಲು ಯಾವ ಟೇಬಲ್ಲಿಂದ ಯಾವ ಟೇಬಲ್ಲಿಗೆ ಹೋಗತ್ತೆ ಅಂತ ಸರ್ವಿಸ್ ಇಡೀ ನೋಡಿದೀನಮ್ಮ. ನಿನ್ನ ಹಾರ್ನೂ ಹಾಗೇ ಹೋಗ್ತಿತ್ತು."

"ಯಾಕೆ ಹೀಗೆ ಮಾಡಿದ್ರಿ?"

"ನೀನು ಹ್ಞೂಂ ಅಂದ್ರೆ ಅವನು ಹ್ಞೂಂ ಅಂತಾನಲ್ಲ, ಅದಕ್ಕೆ."

ನನಗೆ ಸಿಟ್ಟು ಬಂತು. ಅದರ ಹಿಂದೆಯೇ ಹೆದರಿಕೆಯೂ ಬಂತು, ಸಿಟ್ಟಿಗಿಂತ ದೊಡ್ಡದು. ಎರಡು ವಾರ ಕಳೆದಿದ್ದರೆ ನನ್ನ ಮಾತಿನ ಮೇಲೆ ಈ ಮನುಷ್ಯ ಬೀದಿಗೆ ಇಳಿಯುತ್ತಿದ್ದರು, ಗಾಡಿ ಬಂದ ಕಡೆಗೇ ಹಾರುತ್ತಿದ್ದರು. ರಸ್ತೆಯಲ್ಲಿ ಗಾಡಿಗಳು ಸರದಿಯ ಮೇಲೆ ಬರುವುದಿಲ್ಲ ಎಂದು ಒರಟಾಗಿಯೇ ಹೇಳಿದೆ. ಸೊಸೆ ಮಾವನಿಗೆ ಆಡುವ ದನಿಯಲ್ಲಿರಲಿಲ್ಲ ಅದು. ಮಾವ ಚಪ್ಪಲಿ ಹುಡುಕಿಕೊಂಡರು. ಕ್ಯಾಬಿನಲ್ಲಿ ಬರುವಾಗ ಇಬ್ಬರೂ ಒಂದೊಂದು ಕಿಟಕಿ ನೋಡಿದೆವು. ಯಮುನೆ ದಾಟಿದ ಮೇಲೆ ಅವರು, "ಅವನಿಗೆ ಹೇಳ್ತೀಯಾ?" ಎಂದು ಕೇಳಿದರು.

"ಹೇಳ್ತೀನಿ."

"ಹೇಳು. ಆದರೆ ಮುಂದಿನ ಭಾನುವಾರಾನೂ ಕರ್ಕೊಂಡು ಹೋಗು."

ಗಂಡ ಎಲ್ಲ ಕೇಳಿ ಹಣೆ ಹಿಡಿದುಕೊಂಡ, ಆಮೇಲೆ ತಡೆಯಲಾರದೆ ನಕ್ಕ. ಆದರೆ ಶನಿವಾರದ ಮಾತು ಅಲ್ಲಿಗೆ ನಿಂತಿತು.

ನಾನು ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಿದೆ. ನನ್ನ ನುಣ್ಣನೆಯ ಆಂಬಿಸೋನಿಕ್ ಸುತ್ತು ಮಾವನ ಮಟ್ಟಿಗೆ ಬರೀ ಕಲಸುಮೇಲೋಗರ. ಹತ್ತು ಕಡೆಯಿಂದ ಚೂರುಚೂರಾಗಿ ಬಂದದ್ದನ್ನು ಕೂಡಿಸಲು ಅವರ ಬಳಿ ಒಂದೇ ಕಿವಿ. ಹಾಗಾಗಿ ಇಡೀ ಶಬ್ದವನ್ನು ಒಂದೇ ಸ್ಪೀಕರಿಗೆ ಕೊಟ್ಟೆ. ಯಾವ ಸ್ಪೀಕರ್ ಎಂಬುದನ್ನು ಕಂಪ್ಯೂಟರಿಗೆ ಬಿಟ್ಟೆ; ನನಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಹಾರ್ನಿನ ಬದಲು ಹತ್ತಿರ ಬರುವ ಗಾಡಿಯ ಸದ್ದನ್ನು ಹಾಕಿದೆ, ಅದು ಹೆಚ್ಚು ಹೊತ್ತು ಉಳಿಯುತ್ತದೆ. ಆ ಹೊತ್ತಿನಲ್ಲಿ ಅವರು ತಲೆಯನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಬೇಕು. ಒಳ್ಳೆಯ ಕಿವಿ ಯಾವ ಕಡೆ ತಿರುಗಿದಾಗ ಸದ್ದು ಜೋರಾಗುತ್ತದೋ ಗಾಡಿ ಇರುವುದು ಆ ಕಡೆ. ಕಷ್ಟದ ವಿದ್ಯೆಯೇನಲ್ಲ. ಮಾವ ಒಪ್ಪಲಿಲ್ಲ.

"ಬೀದೀಲಿ ನಿಂತು ಹೀಗೆ ಕತ್ತು ತಿರುಗಿಸ್ತಾ ಇದ್ರೆ ಜನ ಏನಂದ್ಕೋತಾರೆ? ತಲೆ ಕೆಟ್ಟಿದೆ ಅಂತಾರೆ."

"ಈ ಕೋಣೇಲಿ ಯಾರೂ ಇಲ್ವಲ್ಲ ಮಾವ."

"ನೀನಿದೀಯಲ್ಲ."

ನಾನು ಕೋಣೆಯ ಹೊರಗೆ ಹೋಗಿ ಕೂತೆ. ಗಾಜಿನ ಆಚೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಬೆನ್ನಿನ ಮೇಲಿನ ತಲೆ ಇಷ್ಟೇ ಇಷ್ಟು ಎಡಕ್ಕೆ ತಿರುಗಿತು.

ಚಳಿ ಮುಗಿಯುವ ಹೊತ್ತಿಗೆ ಅವರು ನಿಜವಾಗಿಯೇ ಕಲಿತಿದ್ದರು. ನಿಂತ ಜಾಗದಲ್ಲಿ ನಿಂತು, ಸಮಯ ತೆಗೆದುಕೊಂಡು, ಒಂದೇ ಗಾಡಿಯಾದರೆ ಎಲ್ಲಿಂದ ಬರುತ್ತಿದೆ ಎಂದು ಹೇಳುತ್ತಿದ್ದರು. ಎರಡು ಗಾಡಿ ಒಟ್ಟಿಗೆ ಬಿಟ್ಟರೆ ತಪ್ಪುತ್ತಿತ್ತು. ಮೂರಾದರೆ ಅವರೇ ಕೈ ಕೆಳಗಿಟ್ಟುಬಿಡುತ್ತಿದ್ದರು. ಎಷ್ಟು ಭಾನುವಾರ ಮಾಡಿದರೂ ಅದು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಇದನ್ನೆಲ್ಲ ಕೂಡಿಸದೆ ಕಳೆಯದೆ ಗಂಡನಿಗೆ ಹೇಳಿದೆ, ಮಾವನ ಎದುರಿಗೇ ಹೇಳಿದೆ.

"ಕರೋಲ್ ಬಾಗಲ್ಲಿ ಒಂದೇ ಗಾಡಿ ಯಾವಾಗ ಬರತ್ತೆ, ಕಬ್ ಆತೀ ಹೈ?" ಎಂದ ಗಂಡ.

"ಅದನ್ನ ಅಲ್ಲೇ ಹೋಗಿ ನೋಡೋಣ" ಎಂದರು ಮಾವ. ನಾವಿಬ್ಬರೂ ಹಿಂದೆ ಬರಬೇಕು. ಮಾತಾಡಿಸಬಾರದು, ಕೈ ಹಿಡಿಯಬಾರದು. ಅವರು ಹೋಟೆಲಿನವರೆಗೆ ತಾವಾಗಿ ತಲುಪಿದರೆ ಶನಿವಾರ ಅವರದು. ತಲುಪದಿದ್ದರೆ ಇನ್ನು ಆ ಮಾತೆತ್ತುವುದಿಲ್ಲ. ಗಂಡ ನನ್ನ ಮುಖ ನೋಡಿದ. ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇರಬೇಕೆಂದು ನಾನು ಅವನಿಗೆ ಆಮೇಲೆ ಪ್ರತ್ಯೇಕವಾಗಿ ಹೇಳಿದೆ.

ಶನಿವಾರ ಹೋದೆವು. ಮೆಟ್ರೋ ಮೆಟ್ಟಿಲಿಳಿದು ಮಾವ ಮುಂದೆ ನಡೆದರು, ಎರಡು ಹೆಜ್ಜೆ ಹಿಂದೆ ನಾವು. ಮೊದಲು ಸಿಕ್ಕಿದ್ದು ಒಂದು ಸಣ್ಣ ಗಲ್ಲಿ. ಅವರು ಅಂಚಿನಲ್ಲಿ ನಿಂತರು. ಬಲಗಡೆಯಿಂದ ಸೈಕಲ್ ರಿಕ್ಷಾವೊಂದು ಗಂಟೆ ಬಾರಿಸುತ್ತ ಬರುತ್ತಿತ್ತು. ಮಾವ ತಲೆ ತಿರುಗಿಸಿದರು, ಮುಚ್ಚುಮರೆಯಿಲ್ಲದೆ, ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ. ಬಲಕ್ಕೆ ನೋಡುತ್ತಲೇ ನಿಂತು ರಿಕ್ಷಾ ಹೋಗಲು ಬಿಟ್ಟು ದಾಟಿದರು. ಕಣ್ಣಿಗೆ ಕಂಡಿತ್ತು ತಾನೇ ಎಂದು ಕೇಳಬಹುದು. ಆದರೆ ಕಿವಿ ಹೇಳಿದ ಕಡೆಗೇ ಕಣ್ಣು ಹೋಗುವುದು, ಅವರ ಕಣ್ಣು ಆ ದಿನ ಸರಿಯಾದ ಕಡೆಗೆ ಹೋಗಿತ್ತು. ಗಂಡ "ಅಚ್ಛಾ" ಎಂದ. ನನಗೆ ಹೆಮ್ಮೆಯಾಯಿತು.

ಆಮೇಲೆ ದೊಡ್ಡ ರಸ್ತೆ ಬಂತು. ಅಲ್ಲಿ ಬೈಕುಗಳು ಎದುರು ದಿಕ್ಕಿನಿಂದಲೂ ನುಗ್ಗುತ್ತಿದ್ದವು, ಈ-ರಿಕ್ಷಾಗಳು ನಿಂತಲ್ಲೇ ಕೂಗುತ್ತಿದ್ದವು, ಕಾರುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಹಾರ್ನ್ ಹೊಡೆಯುತ್ತಿದ್ದವು. ಹೋಟೆಲು ಆಚೆ ಬದಿಯಲ್ಲಿ ಕಾಣುತ್ತಿತ್ತು. ಮಾವ ಅಂಚಿಗೆ ಬಂದು ನಿಂತರು. ತಲೆಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಮತ್ತೆ ಎಡಕ್ಕೆ. ಜನ ಅವರನ್ನು ಸುತ್ತಿ ಬಳಸಿ ದಾಟಿ ಹೋದರು. ಒಂದು ಕಾಲು ಮುಂದಿಟ್ಟು ಹಿಂದಕ್ಕೆ ತೆಗೆದುಕೊಂಡರು. ಮತ್ತೆ ಬಲಕ್ಕೆ ತಿರುಗಿದರು, ಮತ್ತೆ ಎಡಕ್ಕೆ. ಪಕ್ಕದಲ್ಲಿ ಪೇರಲೆಹಣ್ಣಿನ ಗಾಡಿ ನಿಲ್ಲಿಸಿಕೊಂಡಿದ್ದ ಭಯ್ಯಾ ಒಬ್ಬ ಇದನ್ನು ನೋಡುತ್ತಿದ್ದ.

"ಬಾಬೂಜಿ, ಕ್ಯಾ ಢೂಂಡ್ ರಹೇ ಹೋ?" ಎಂದು ಕೇಳಿದ. ಏನು ಹುಡುಕುತ್ತಿದ್ದೀರಿ?

"ಗಾಡಿ" ಎಂದರು ಮಾವ.

ಅವನು ಗಾಡಿಗಳಿಂದ ತುಂಬಿದ ರಸ್ತೆಯನ್ನೊಮ್ಮೆ ನೋಡಿ, ಮಾವನನ್ನೊಮ್ಮೆ ನೋಡಿ, ಸುಮ್ಮನೆ ಹಣ್ಣಿನ ಮೇಲೆ ನೀರು ಚಿಮುಕಿಸತೊಡಗಿದ.

ಗಂಡ ಮುಂದೆ ಹೋಗಲು ಹೊರಟ. ನಾನು ಅವನ ತೋಳು ಹಿಡಿದೆ. ಸಿಗ್ನಲ್ ಬಿತ್ತು, ಎದ್ದಿತು, ಮತ್ತೆ ಬಿತ್ತು. ಆ ರಸ್ತೆಯಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ. ಮಾವ ತಲೆ ತಿರುಗಿಸುವುದನ್ನು ನಿಲ್ಲಿಸಿದರು. ಆಚೆ ಬದಿಯ ಹೋಟೆಲಿನ ಕಡೆ ನೆಟ್ಟಗೆ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಈ ಮನುಷ್ಯನಿಗೆ ನಾನು ಯಾವ ಆಸೆಯನ್ನೂ ಹುಟ್ಟಿಸಬಾರದಿತ್ತು ಎಂದು ಆಗ ನನಗೆ ಅನ್ನಿಸಿತು.

ಆಮೇಲೆ ಅವರು ಹಿಂದಕ್ಕೆ ನೋಡದೆಯೇ ಬಲಗೈಯನ್ನು ಪಕ್ಕಕ್ಕೆ ಚಾಚಿದರು.

ಗಂಡನಿಗೆ ತಕ್ಷಣ ಅರ್ಥವಾಗಲಿಲ್ಲ. ನಾನು ಅವನ ತೋಳು ಬಿಟ್ಟು ತಳ್ಳಿದೆ. ಅವನು ಅವಸರದಲ್ಲಿ ಹೋಗಿ ಅವರ ಎಡಗಡೆ ನಿಂತು ಎಡ ಮೊಣಕೈ ಹಿಡಿದುಕೊಂಡ. ಮಾವ ಕೈ ಕೊಡವಿಕೊಂಡರು. ಅವನ ಭುಜ ಹಿಡಿದು ತಮ್ಮ ಮುಂದಿನಿಂದ ಬಲಗಡೆಗೆ ದಾಟಿಸಿ ನಿಲ್ಲಿಸಿಕೊಂಡರು.

"ಈ ಕಡೆ ನೀನಿರು" ಎಂದರು. "ಆ ಕಡೆ ನಾನು ನೋಡ್ಕೋತೀನಿ."